ಡ್ರಮ್ ಸೆಟ್‌ನಲ್ಲಿ ಲ್ಯಾಟಿನ್ ಲಯ: ಕ್ಲಾವೆಯಿಂದ ನಾಲ್ಕೂ ಕೈಕಾಲುಗಳವರೆಗೆ

ರಾಕ್ ಮತ್ತು ಸಿನಿಮಾ ಹಾಡುಗಳ ಬೀಟ್‌ಗಳನ್ನು ಲೀಲಾಜಾಲವಾಗಿ ನುಡಿಸುವವರು ಕೂಡ ಸಾಲ್ಸಾ ಬೀಟ್ ಎದುರಾದಾಗ ಮುಗ್ಗರಿಸುತ್ತಾರೆ. ಮುಗ್ಗರಿಸುವ ಜಾಗವೂ ಹೆಚ್ಚುಕಡಿಮೆ ಒಂದೇ. ಬಲಗೈ ಕಾಸ್ಕರಾ ಎಂಬ ಲಯ ನುಡಿಸುತ್ತಿರುತ್ತದೆ, ಬಾಸ್ ಡ್ರಮ್ ಸೇರಿಸುತ್ತಾರೆ, ಅಷ್ಟರಲ್ಲೇ ಕೈ ತನ್ನ ದಾರಿ ಬಿಟ್ಟು ಕಾಲಿನ ಹಿಂದೆ ಹೋಗುತ್ತದೆ. ಪುಸ್ತಕದ ಪುಟ ತೆರೆದು ನಾಲ್ಕೂ ಸಾಲುಗಳನ್ನು ಒಟ್ಟಿಗೆ ಓದಿ ನುಡಿಸಲು ಹೊರಟವರಿಗೆಲ್ಲ ಹೀಗೇ ಆಗುತ್ತದೆ. ಈ ಲಯಗಳಿಗೆ ಒಂದು ಅನುಕ್ರಮವಿದೆ: ಮೊದಲು ಬಾಯಿ, ಆಮೇಲೆ ಬಲಗೈ, ಎಡಗೈ, ಎಡಗಾಲು, ಕೊನೆಗೆ ಬಲಗಾಲು. ಈ ಸಾಲಿನಲ್ಲಿ ಬಂದರೆ ಕೈಕಾಲುಗಳ ಜಗಳ ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಲ್ಯಾಟಿನ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಮನೆತನಗಳಿವೆ: ಕ್ಯೂಬಾದಿಂದ ಬಂದ ಸಾಲ್ಸಾ, ಚಾ-ಚಾ-ಚಾ, ಸೋಂಗೋಗಳು ಮತ್ತು ಬ್ರೆಜಿಲ್‌ನ ಸಾಂಬಾ, ಬೋಸಾ ನೋವಾಗಳು. ಎರಡನ್ನೂ ಒಂದೇ ವಾರದಲ್ಲಿ ಕಲಿಯಲು ಹೋಗಬೇಡಿ. ಇಲ್ಲಿ ಕ್ಯೂಬಾದ ಲಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಅಲ್ಲಿಯೇ.

## ಬೇಕಾಗುವ ಸಾಮಾನು

ಮೊದಲ ಹಂತಕ್ಕೆ ಏನೂ ಬೇಡ. ಆಮೇಲೆ ಬೇಕಾಗುವುದು ಮೆಟ್ರೊನೋಮ್ (ಮೊಬೈಲ್‌ನದ್ದೇ ಸಾಕು), ಮಧ್ಯಮ ಗಾತ್ರದ ಒಂದು ಕೌಬೆಲ್, ಅದನ್ನು ಬಾಸ್ ಡ್ರಮ್‌ನ ಬಳೆಗೆ ಕೂರಿಸುವ ಕ್ಲ್ಯಾಂಪ್ ಮತ್ತು ಹಗುರ ಕೋಲುಗಳು. 5ಎ ಅಥವಾ 7ಎ ಅಳತೆಯವು ಸಾಕು. ಟಿಂಬಾಲೆಸ್‌ಗೆಂದೇ (ಲೋಹದ ಪಕ್ಕೆಯ ಜೋಡಿ ಡ್ರಮ್) ಬರುವ, ತುದಿಯಲ್ಲಿ ಗುಂಡು ಇಲ್ಲದ ಕೋಲುಗಳನ್ನು ಈಗಲೇ ಕೊಳ್ಳಬೇಕಿಲ್ಲ.

ಕಾಸ್ಕರಾ ಎಂದರೆ ಟಿಂಬಾಲೆಸ್‌ನ ಲೋಹದ ಪಕ್ಕೆಯ ಮೇಲೆ ನುಡಿಸುವ ಲಯ. ಡ್ರಮ್ ಸೆಟ್‌ನಲ್ಲಿ ಅದಕ್ಕೆ ಫ್ಲೋರ್ ಟಾಮ್‌ನ ಪಕ್ಕೆಯನ್ನು ಬಳಸುತ್ತೇವೆ. ಕೋಲಿನ ಏಟಿಗೆ ಹೊಳಪು ಹೋಗಬಾರದು ಎಂದಿದ್ದರೆ ಆ ಜಾಗಕ್ಕೆ ದಪ್ಪ ಟೇಪ್ ಅಂಟಿಸಿ. ಎಲೆಕ್ಟ್ರಾನಿಕ್ ಸೆಟ್ ಇರುವವರು ಯಾವುದಾದರೂ ಪ್ಯಾಡ್‌ನ ಅಂಚಿಗೆ ವುಡ್‌ಬ್ಲಾಕ್ ಅಥವಾ ಕೌಬೆಲ್ ಧ್ವನಿಯನ್ನು ಹೊಂದಿಸಿಕೊಳ್ಳಬಹುದು. ಸ್ನೇರ್‌ನ ತಂತಿಗಳನ್ನು ಸಡಿಲಿಸಿ ಕೆಳಗಿಳಿಸಿ, ಚಿಕ್ಕ ಟಾಮ್ ಅನ್ನು ಎಂದಿಗಿಂತ ಸ್ವಲ್ಪ ಬಿಗಿ ಮಾಡಿ.

ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳುವುದನ್ನು ಮರೆಯಬೇಡಿ. ಸಣ್ಣ ಕೋಣೆಯಲ್ಲಿ ಕೌಬೆಲ್‌ನ ಸದ್ದು ಸಿಂಬಲ್‌ಗಿಂತ ಬೇಗ ಕಿವಿಯನ್ನು ದಣಿಸುತ್ತದೆ.

## ಹಂತ 1: ಕ್ಲಾವೆಯನ್ನು ಬಾಯಿಗೆ ತಂದುಕೊಳ್ಳಿ

ಕ್ಲಾವೆ ಐದು ಪೆಟ್ಟುಗಳ ಒಂದು ಆವರ್ತ. ಅದನ್ನು 16 ಸಮಾನ ಮಾತ್ರೆಗಳಾಗಿ ಎಣಿಸೋಣ. ಮುಂದೆ ಬರುವ ಅಂಕಿಗಳೆಲ್ಲ ಈ 16ರಲ್ಲಿ ಎಷ್ಟನೆಯ ಮಾತ್ರೆ ಎಂಬುದನ್ನು ಹೇಳುತ್ತವೆ. ಪಾಶ್ಚಾತ್ಯ ಬರವಣಿಗೆಯಲ್ಲಿ ಇದು ಎಂಟೆಂಟು ಮಾತ್ರೆಗಳ ಎರಡು ಬಾರ್.

ಸೋನ್ ಕ್ಲಾವೆ, 3-2: 1, 4, 7 | 11, 13

ರುಂಬಾ ಕ್ಲಾವೆ, 3-2: 1, 4, 8 | 11, 13

ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೆಯದರಲ್ಲಿ ಎರಡು. ಎರಡು ಕ್ಲಾವೆಗಳ ನಡುವೆ ಇರುವ ವ್ಯತ್ಯಾಸ ಮೂರನೇ ಪೆಟ್ಟು ಒಂದು ಮಾತ್ರೆ ತಡವಾಗುವುದು ಮಾತ್ರ.

ಮೃದಂಗದ ಪಾಠ ಕೇಳಿದವರಿಗೆ, ಕೊನ್ನಕ್ಕೋಲ್ (ಲಯವನ್ನು ಬಾಯಲ್ಲಿ ನುಡಿಯುವ ಕಲೆ) ಪರಿಚಯ ಇರುವವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಸೋನ್ ಕ್ಲಾವೆಯ ಪೆಟ್ಟುಗಳ ನಡುವಿನ ಅಂತರ 3, 3, 4, 2, 4. ಸೊಲ್ಕಟ್ಟಿನಲ್ಲಿ, ಅಂದರೆ ಲಯದ ಅಕ್ಷರಗಳಲ್ಲಿ, ಹೇಳುವುದಾದರೆ:

ತಕಿಟ ತಕಿಟ ತಕಧಿಮಿ ತಕ ತಕಧಿಮಿ

ರುಂಬಾ ಕ್ಲಾವೆ 3, 4, 3, 2, 4:

ತಕಿಟ ತಕಧಿಮಿ ತಕಿಟ ತಕ ತಕಧಿಮಿ

ಪ್ರತಿ ಗುಂಪಿನ ಮೊದಲ ‘ತ’ಕಾರಕ್ಕೆ ಚಪ್ಪಾಳೆ ತಟ್ಟಿ, ಉಳಿದ ಅಕ್ಷರಗಳನ್ನು ಪಿಸುಮಾತಿನಲ್ಲಿ ಹೇಳಿ. ಪಾದ ಮಾತ್ರ 1, 5, 9, 13ಕ್ಕೆ ನೆಲ ತಟ್ಟುತ್ತಿರಲಿ. ಮೆಟ್ರೊನೋಮ್ ಕೂಡ ಈ ನಾಲ್ಕಕ್ಕೇ ಬಡಿಯಲಿ, ನಿಮಿಷಕ್ಕೆ 50ರ ವೇಗದಲ್ಲಿ.

ಇಲ್ಲಿ ಒಂದು ಅಪಾಯವಿದೆ, ಅದಕ್ಕೆ ಬೀಳುವವರು ಸಂಗೀತ ಕಲಿತವರೇ. ‘ತಕಿಟ ತಕಿಟ’ ಎಂದೊಡನೆ ಮನಸ್ಸು ತಿಸ್ರ ನಡೆಗೆ (ಮೂರರ ಎಣಿಕೆಗೆ) ಜಾರುತ್ತದೆ. ಆಗ ಮೊದಲ ಮೂರು ಪೆಟ್ಟುಗಳು ಎಂಟು ಮಾತ್ರೆಗಳ ಉದ್ದಕ್ಕೂ ಸಮನಾಗಿ ಹರಡಿಕೊಂಡು ಕ್ಲಾವೆ ಮೆತ್ತಗಾಗುತ್ತದೆ. ನಡೆ ಚತುರಶ್ರವೇ (ನಾಲ್ಕರ ಎಣಿಕೆಯೇ), ಅಕ್ಷರದ ವೇಗ ಎಲ್ಲಿಯೂ ಬದಲಾಗುವುದಿಲ್ಲ. ಪರೀಕ್ಷೆ ಸರಳ: ಎರಡನೇ ಚಪ್ಪಾಳೆ (4) ಪಾದದ ತಟ್ಟಿಗಿಂತ (5) ಸರಿಯಾಗಿ ಒಂದು ಅಕ್ಷರ ಮುಂಚೆ ಬೀಳಬೇಕು, ಮೂರನೆಯದು (7) ಎರಡು ತಟ್ಟುಗಳ ನಟ್ಟನಡುವೆ. ಪಾದವೇ ಚಪ್ಪಾಳೆಯ ಕಡೆಗೆ ಸರಿಯುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಇದನ್ನೇ ಹೇಳಿಕೊಳ್ಳಿ. ಪಕ್ಕದವರೊಂದಿಗೆ ಎರಡು ಮಾತಾಡಿಯೂ ಪಾದ ನಿಲ್ಲದಿದ್ದರೆ ಕ್ಲಾವೆ ಒಳಗೆ ಕೂತಿದೆ ಎಂದರ್ಥ.

## ಹಂತ 2: ಬಲಗೈಗೆ ಕಾಸ್ಕರಾ

ಕಾಸ್ಕರಾ, 3-2: 1, 3, 4, 6, 8 | 9, 11, 13, 14, 16

ಇದನ್ನು ಅಂಕಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಅದರ ಆಕಾರ ಗಮನಿಸಿ. ಎರಡು ಪೆಟ್ಟುಗಳು ಒತ್ತೊತ್ತಾಗಿ ಬರುವ ಜಾಗ ನಾಲ್ಕಿವೆ: 3-4, 8-9, 13-14, ಮತ್ತೆ 16ರಿಂದ ಮುಂದಿನ ಆವರ್ತದ 1. ಉಳಿದ ಕಡೆಯೆಲ್ಲ ಒಂದೊಂದು ಮಾತ್ರೆಯ ಬಿಡುವು. ಈ ಜೋಡಿಗಳ ಮೇಲೆ ಕಣ್ಣಿಟ್ಟರೆ ಲಯ ಬೇಗ ಕೈಗೆ ಬರುತ್ತದೆ.

ಫ್ಲೋರ್ ಟಾಮ್‌ನ ಪಕ್ಕೆಗೆ ಕೋಲಿನ ತುದಿಯ ಬದಲು ಅದರ ಭುಜದ ಭಾಗ ತಾಗಲಿ, ಸದ್ದು ಗಟ್ಟಿಯಾಗಿ ಒಣಗಿದಂತೆ ಕೇಳಬೇಕು. ಮಣಿಕಟ್ಟು ಸಡಿಲವಾಗಿರಲಿ. ಹತ್ತು ಪೆಟ್ಟುಗಳೂ ಒಂದೇ ಗಾತ್ರದಲ್ಲಿ ಬಂದರೆ ಅದು ಕಾಸ್ಕರಾ ಎನಿಸುವುದಿಲ್ಲ. ಕ್ಲಾವೆಯೊಂದಿಗೆ ಕೂಡುವ 1, 4, 11, 13ಕ್ಕೆ ತುಸು ಒತ್ತು ಕೊಡಿ, ಉಳಿದವು ಅವುಗಳ ನೆರಳಿನಲ್ಲಿರಲಿ.

ಬಲಗೈ ಕಾಸ್ಕರಾ ನುಡಿಸುತ್ತಿರುವಾಗ ಬಾಯಿ ಕ್ಲಾವೆ ಹೇಳಬೇಕು. ಇದನ್ನು ತಪ್ಪಿಸಿಕೊಂಡವರು ಮುಂದೆ ಐದನೇ ಹಂತದಲ್ಲಿ ಸಿಕ್ಕಿಬೀಳುತ್ತಾರೆ. ಮೊದಲಿಗೆ ಅಂಕಿ ಎಣಿಸುತ್ತಾ, ಆಮೇಲೆ ಸೊಲ್ಕಟ್ಟು ಹೇಳುತ್ತಾ, ಕೊನೆಗೆ ಐದು ಪೆಟ್ಟುಗಳನ್ನು ಮಾತ್ರ ‘ತ’ ಎನ್ನುತ್ತಾ ನುಡಿಸಿ.

## ಹಂತ 3: ಎಡಗೈಗೆ ಕ್ಲಾವೆ

ಎಡಗೈ ಸ್ನೇರ್ ಮೇಲೆ ಕ್ರಾಸ್ ಸ್ಟಿಕ್ ನುಡಿಸುತ್ತದೆ. ಕೋಲನ್ನು ತಿರುಗಿಸಿ ಹಿಡಿದು, ಅದರ ತುದಿಯನ್ನು ಚರ್ಮದ ಮೇಲಿಟ್ಟು, ದಪ್ಪ ಭಾಗವನ್ನು ಅಂಚಿನ ಬಳೆಗೆ ಬಡಿಯಬೇಕು. ಅಂಗೈಯ ಬುಡ ಚರ್ಮದಿಂದ ಮೇಲೇಳಬಾರದು. ಕೋಲನ್ನು ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಮರದ ಸದ್ದು ತುಂಬಿ ಬರುತ್ತದೆ. ಆ ಜಾಗ ಸಿಕ್ಕಮೇಲೆ ಕೋಲಿನ ಮೇಲೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿಡಿ.

ಇಲ್ಲಿ ನನ್ನ ಸಲಹೆ ಅನೇಕ ಪುಸ್ತಕಗಳ ಕ್ರಮಕ್ಕಿಂತ ಬೇರೆ. ಎಡಗೈಗೆ ಮೊದಲು ರುಂಬಾ ಕ್ಲಾವೆ ಕೊಡಿ, ಸೋನ್ ಆಮೇಲೆ ಬರಲಿ. ಅಂಕಿಗಳನ್ನು ಹೋಲಿಸಿ ನೋಡಿದರೆ ಕಾರಣ ತಿಳಿಯುತ್ತದೆ. ರುಂಬಾ ಕ್ಲಾವೆಯ ಐದೂ ಪೆಟ್ಟುಗಳು ಕಾಸ್ಕರಾದ ಒಳಗೇ ಇವೆ, ಎಡಗೈ ಎಲ್ಲಿಯೂ ಒಂಟಿಯಾಗಿ ಬೀಳುವುದಿಲ್ಲ. ಸೋನ್‌ನಲ್ಲಿ ಮಾತ್ರ 7 ಬೇರೆಯಾಗಿ ನಿಲ್ಲುತ್ತದೆ: 6ಕ್ಕೆ ಬಲಗೈ, 7ಕ್ಕೆ ಎಡಗೈ, 8ಕ್ಕೆ ಬಲಗೈ. ಈ ಮೂರು ಮಾತ್ರೆಗಳನ್ನೇ ಕತ್ತರಿಸಿ ತೆಗೆದು ಬಲ-ಎಡ-ಬಲ ಎಂದು ನೂರು ಸಲ ನುಡಿಸಿ, ಆಮೇಲೆ ಪೂರ್ತಿ ಆವರ್ತಕ್ಕೆ ಸೇರಿಸಿ.

ಎಚ್ಚರಿಕೆಯ ಚಿಹ್ನೆ: ಎರಡೂ ಕೈ ಕೂಡಬೇಕಾದ ಕಡೆ ‘ಟ್ರಕ್’ ಎಂದು ಒಡೆದ ಸದ್ದು ಬಂದರೆ ಎಡಗೈ ತಡವಾಗುತ್ತಿದೆ. ವೇಗ ಇಳಿಸಿ. ಇದು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿದಾಗಲೇ ಗೊತ್ತಾಗುವುದು, ನುಡಿಸುತ್ತಿರುವಾಗ ಕಿವಿಗೆ ಬೀಳುವುದಿಲ್ಲ.

## ಹಂತ 4: ಎಡಗಾಲು

ಹೈ-ಹ್ಯಾಟ್ ಪೆಡಲ್ 1, 5, 9, 13ಕ್ಕೆ. ಮೊದಲ ಹಂತದಲ್ಲಿ ನೆಲ ತಟ್ಟಿದ ಪಾದವೇ ಇದು, ಹಾಗಾಗಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. 5ರಲ್ಲಿ ಮಾತ್ರ ಯಾವ ಕೈಯೂ ಜೊತೆಗಿರುವುದಿಲ್ಲ, ಅಲ್ಲಿ ಕಾಲು ಅವಸರಪಡುತ್ತದೆ, ಗಮನಿಸಿ. ರಾಕ್ ಅಭ್ಯಾಸದಿಂದ ಬಂದವರ ಕಾಲು 5 ಮತ್ತು 13ಕ್ಕೆ ಮಾತ್ರ ಒತ್ತಲು ನೋಡುತ್ತದೆ. ನಾಲ್ಕೂ ಸಮನಾಗಿರಲಿ.

## ಹಂತ 5: ಬಾಸ್ ಡ್ರಮ್, ಎಲ್ಲರೂ ಸೋಲುವ ಜಾಗ

ಸಾಲ್ಸಾದಲ್ಲಿ ಬಾಸ್ ಗಿಟಾರ್ ಸಾಮಾನ್ಯವಾಗಿ ಮೊದಲ ಮಾತ್ರೆಯನ್ನು ಬಿಟ್ಟುಕೊಡುತ್ತದೆ. ಅದರ ಟುಂಬಾವೊ (ಮತ್ತೆ ಮತ್ತೆ ಮರಳುವ ಲಯದ ವಿನ್ಯಾಸ) ಬೀಳುವುದು 4 ಮತ್ತು 7ಕ್ಕೆ, ಮುಂದಿನ ಬಾರ್‌ನಲ್ಲಿ 12 ಮತ್ತು 15ಕ್ಕೆ. ಬಾಸ್ ಡ್ರಮ್ ಇದನ್ನೇ ಹಿಂಬಾಲಿಸುತ್ತದೆ. 4ನೇ ಮಾತ್ರೆಯ ಪೆಟ್ಟಿಗೆ ಬೊಂಬೊ ಎಂಬ ಹೆಸರೇ ಇದೆ.

ಬಾಸ್ ಡ್ರಮ್: 4, 7 | 12, 15

1ಕ್ಕೆ ಕಾಲು ಬಡಿದೇ ರೂಢಿಯಾದವರಿಗೆ ನೆಲವೇ ಜಾರಿದಂತಾಗುತ್ತದೆ. ಅಭದ್ರತೆ ಕಾಡಿ 1ಕ್ಕೂ ಒಂದು ಒದೆತ ಸೇರಿಸುತ್ತಾರೆ, ಅಲ್ಲಿಗೆ ಲಯದ ತೇಲಾಟ ಮುಗಿಯಿತು. 1 ಎಲ್ಲಿದೆ ಎಂದು ಹೇಳುವ ಕೆಲಸ ಎಡಗಾಲಿನದು, ಬಲಗಾಲು ಆ ಭಾರ ಹೊರಬಾರದು.

ಕಾಸ್ಕರಾ ಮತ್ತು ಬಾಸ್ ಡ್ರಮ್ ಕೂಡುವುದು 4ರಲ್ಲಿ ಮಾತ್ರ. 7, 12, 15 ಮೂರೂ ಬಲಗೈಯ ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲಿ ಬೀಳುತ್ತವೆ. ಕೈ ಕಾಲಿನ ಹಿಂದೆ ಹೋಗುವುದು ಈ ಮೂರು ಸಂದಿಗಳಲ್ಲೇ. ಆದ್ದರಿಂದ ಎರಡು ಸಾಲುಗಳೆಂದು ನೋಡುವುದನ್ನು ಬಿಟ್ಟು, ಒಂದೇ ಸಾಲಾಗಿ ಓದಿ:

1 ಕೈ, 3 ಕೈ, 4 ಎರಡೂ, 6 ಕೈ, 7 ಕಾಲು, 8 ಕೈ, 9 ಕೈ, 11 ಕೈ, 12 ಕಾಲು, 13 ಕೈ, 14 ಕೈ, 15 ಕಾಲು, 16 ಕೈ

ಇದನ್ನು ತುಂಡು ಮಾಡಿ ಅಭ್ಯಾಸ ಮಾಡಬೇಕು. ಎಡಗೈಗೆ ಈಗ ವಿಶ್ರಾಂತಿ.

ಮೊದಲ ತುಂಡು 1ರಿಂದ 4: ಕೈ, ಕೈ, ಎರಡೂ. ಇಲ್ಲಿ ಯಾರಿಗೂ ಕಷ್ಟವಿಲ್ಲ.

ಎರಡನೆಯದು 6ರಿಂದ 9: ಕೈ-ಕಾಲು-ಕೈ-ಕೈ, ನಡುವೆ ಬಿಡುವಿಲ್ಲದೆ.

ಮೂರನೆಯದು 11ರಿಂದ 16: ಕೈ-ಕಾಲು-ಕೈ-ಕೈ-ಕಾಲು-ಕೈ. ಕೊನೆಯ ಕೈ ಮುಗಿದ ಬೆನ್ನಿಗೇ ಮತ್ತೆ 1 ಬರುತ್ತದೆ. ಅವಸರ ಹುಟ್ಟುವುದು ಇಲ್ಲೇ, ಆದ್ದರಿಂದ ಹೆಚ್ಚು ಸಮಯವನ್ನು ಈ ತುಂಡಿಗೆ ಕೊಡಿ.

ಪ್ರತಿ ತುಂಡನ್ನು ಅದರ ಮುಂದಿನ ಪೆಟ್ಟಿನವರೆಗೆ ನುಡಿಸಿ ನಿಲ್ಲಿಸಿ. ಅಂದರೆ ಎರಡನೇ ತುಂಡು 9ಕ್ಕೆ ನಿಲ್ಲದೆ 11ರ ಮೇಲೆ ನಿಲ್ಲಲಿ. ತುಂಡುಗಳ ನಡುವಿನ ಬೆಸುಗೆ ಕೂಡ ಆಗಲೇ ಗಟ್ಟಿಯಾಗುತ್ತದೆ. ಮೂರೂ ಕೂಡಿದ ಮೇಲೆ ಎಡಗಾಲು ಸೇರಿಸಿ, ಎಲ್ಲಕ್ಕಿಂತ ಕೊನೆಗೆ ಎಡಗೈಯ ಕ್ಲಾವೆ.

ಎಚ್ಚರಿಕೆಯ ಚಿಹ್ನೆಗಳು: 7ರ ಕಾಲು 8ರ ಕೈಯನ್ನು ಎಳೆದುಕೊಂಡು ಎರಡೂ ಒಟ್ಟಿಗೆ ಬೀಳುವುದು, 12ರ ಒದೆತ ಸದ್ದಿಲ್ಲದೆ ಕಾಣೆಯಾಗುವುದು, ಬಾಸ್ ಡ್ರಮ್ ಸೇರಿಸಿದಾಗ ಬಾಯಿಯ ಕ್ಲಾವೆ ನಿಂತುಹೋಗುವುದು. ಮೂರನೆಯದು ಕಂಡರೆ ಎರಡನೇ ಹಂತಕ್ಕೆ ಹಿಂತಿರುಗಬೇಕು, ಬೇರೆ ಉಪಾಯವಿಲ್ಲ.

ಮುಂಗೈ ಅಥವಾ ಮೊಣಕಾಲ ಕೆಳಗೆ ಬಿಗಿತ ಕಂಡುಬಂದರೆ ಅಭ್ಯಾಸ ನಿಲ್ಲಿಸಿ. ಬೆರಳು ಜೋಮು ಹಿಡಿಯುವುದು ಅಥವಾ ನೋವು ಮರುದಿನವೂ ಉಳಿಯುವುದು ಸಾಧನೆಯ ಗುರುತಲ್ಲ. ಕೋಲಿನ ಹಿಡಿತ ಮತ್ತು ಕುಳಿತ ಎತ್ತರ ಎರಡನ್ನೂ ಪರಿಶೀಲಿಸಿ.

## ಹಂತ 6: ಎಡಗೈ ಕಾಂಗಾ ಆಗುವುದು

ಕಾಂಗಾ ಎಂದರೆ ಕೈಯಿಂದ ನುಡಿಸುವ ಎತ್ತರದ ಡ್ರಮ್. ಅದರ ವಾದಕರ ಟುಂಬಾವೊದಲ್ಲಿ ಎದ್ದು ಕೇಳುವುದು ಒಂದು ಚುರುಕಾದ ಸ್ಲ್ಯಾಪ್ ಮತ್ತು ಎರಡು ತೆರೆದ ಪೆಟ್ಟು. ಎಡಗೈ ಕ್ಲಾವೆ ಬಿಟ್ಟು ಇದನ್ನು ತೆಗೆದುಕೊಳ್ಳುತ್ತದೆ.

ಕ್ರಾಸ್ ಸ್ಟಿಕ್: 3, 11

ಚಿಕ್ಕ ಟಾಮ್: 7, 8 ಮತ್ತು 15, 16

ನೋಡಲು ಭಯ ಹುಟ್ಟಿಸಿದರೂ ನಾಲ್ಕೂ ಕೈಕಾಲುಗಳಲ್ಲಿ ಇದೇ ಸುಲಭ. 3, 11, 8, 16ರಲ್ಲಿ ಬಲಗೈ ಜೊತೆಗಿರುತ್ತದೆ, 7 ಮತ್ತು 15ರಲ್ಲಿ ಬಾಸ್ ಡ್ರಮ್. ಎಡಗೈ ಒಮ್ಮೆಯೂ ಒಂಟಿಯಾಗುವುದಿಲ್ಲ. ಐದನೇ ಹಂತ ಗಟ್ಟಿಯಿದ್ದವರಿಗೆ ಇದು ಬೇಗ ಒಲಿಯುತ್ತದೆ. ಟಾಮ್‌ಗೆ ಹೊಡೆದ ಕೋಲನ್ನು ಅಲ್ಲೇ ಒತ್ತಿಹಿಡಿಯಬೇಡಿ, ಸದ್ದು ತೆರೆದು ಹರಡಲಿ.

ಇದರ ಸರಳ ರೂಪವೇ ಚಾ-ಚಾ-ಚಾ. ಬಲಗೈ ಕಾಸ್ಕರಾದ ಬದಲು ಕೌಬೆಲ್ ಮೇಲೆ ಎಲ್ಲ ಬೆಸ ಮಾತ್ರೆಗಳನ್ನು (1, 3, 5, 7...) ನುಡಿಸುತ್ತದೆ, ಎಡಗೈ ಹಾಗೆಯೇ. ನಿಧಾನ ಗತಿಯ ಈ ಲಯವನ್ನು ವೇದಿಕೆಯಲ್ಲಿ ಮೊದಲು ನುಡಿಸುವುದು ಜಾಣತನ. ಕ್ಯೂಬಾದ ಲೋಸ್ ವಾನ್ ವಾನ್ ತಂಡದಲ್ಲಿ ಡ್ರಮ್ ವಾದಕ ಚಾಂಗಿತೊ ಬೆಳೆಸಿದ ಸೋಂಗೋ ಲಯಕ್ಕೂ ಇದೇ 4 ಮತ್ತು 7ರ ಬಾಸ್ ಡ್ರಮ್ ಬುನಾದಿ.

## ಹಂತ 7: ದಿಕ್ಕು ತಿರುಗಿಸುವುದು

ಅರ್ಧದಷ್ಟು ಹಾಡುಗಳಿಗೆ ಮೂರರ ಬದಲು ಎರಡರ ಕಡೆ ಮೊದಲು ಬರುತ್ತದೆ ಎಂದುಕೊಂಡೇ ತಯಾರಾಗಿ. ಇದು 2-3. ಅರ್ಧಗಳು ಅದಲುಬದಲಾಗುತ್ತವೆ, ಅಷ್ಟೇ.

ಸೋನ್ ಕ್ಲಾವೆ, 2-3: 3, 5 | 9, 12, 15

ಕಾಸ್ಕರಾ, 2-3: 1, 3, 5, 6, 8 | 9, 11, 12, 14, 16

ಬಾಸ್ ಡ್ರಮ್, ಎಡಗಾಲು, ಕಾಂಗಾದ ಪೆಟ್ಟುಗಳು ಎರಡು ಬಾರ್‌ಗಳಲ್ಲೂ ಒಂದೇ ರೀತಿ ಇರುವುದರಿಂದ ಬದಲಾಗುವುದು ಬಲಗೈ ಮಾತ್ರ.

ಕಷ್ಟ ಇರುವುದು ಕೇಳಿ ಗುರುತಿಸುವುದರಲ್ಲಿ. ಪಿಯಾನೋದ ಮೊಂಟುನೋ, ಅಂದರೆ ಅದು ಮತ್ತೆ ಮತ್ತೆ ನುಡಿಸುವ ವಿನ್ಯಾಸ, ಕೇಳಿ. ಅದರ ಒಂದು ಬಾರ್ ತಾಳದ ಮೇಲೆ ಸ್ಪಷ್ಟವಾಗಿ ಕಾಲೂರಿ ಆರಂಭವಾಗುತ್ತದೆ, ಇನ್ನೊಂದು ಪೂರ್ತಿ ತಾಳದ ನಡುವಿನ ಮಾತ್ರೆಗಳಲ್ಲಿ ತೇಲುತ್ತದೆ. ಕಾಲೂರುವ ಬಾರ್ ಸಾಮಾನ್ಯವಾಗಿ ಎರಡರ ಕಡೆ. ಹಾಡು ಆರಂಭವಾದ ಮೇಲೆ ಕ್ಲಾವೆ ನಿಲ್ಲದೆ ಓಡುತ್ತಿರುತ್ತದೆ. ನಡುವೆ ಬೆಸ ಸಂಖ್ಯೆಯ ಬಾರ್‌ಗಳ ಸಾಲು ಬಂದರೆ ಹಾಡಿನ ಸಾಲುಗಳು ಇನ್ನೊಂದು ದಿಕ್ಕಿನಲ್ಲಿ ಕೂರುತ್ತವೆ, ಡ್ರಮ್ ವಾದಕ ಒಂದು ಬಾರ್ ಹಾರಿಸಿ ಹೊಂದಿಸಲು ಹೋಗಬಾರದು. ಫಿಲ್ (ಬೀಟ್‌ನ ನಡುವೆ ತುಂಬುವ ತುಣುಕು) ನುಡಿಸಿ ಹಿಂತಿರುಗುವಾಗ ದಿಕ್ಕು ತಪ್ಪುವುದು ಅತಿ ಸಾಮಾನ್ಯ ದೋಷ. ಆದ್ದರಿಂದ ಆರಂಭದಲ್ಲಿ ಫಿಲ್‌ಗಳೆಲ್ಲ ಪೂರ್ತಿ 16 ಮಾತ್ರೆಯವೇ ಇರಲಿ.

## ಬ್ರೆಜಿಲ್‌ಗೆ ಬೇರೆ ಕಾಲು

ಬೋಸಾ ನೋವಾದಲ್ಲಿ ಬಾಸ್ ಡ್ರಮ್ 1ಕ್ಕೆ ಮರಳುತ್ತದೆ.

ಬಾಸ್ ಡ್ರಮ್: 1, 4, 5, 8 | 9, 12, 13, 16

ಬಲಗೈ: ಮುಚ್ಚಿದ ಹೈ-ಹ್ಯಾಟ್ ಅಥವಾ ರೈಡ್ ಮೇಲೆ 16 ಮಾತ್ರೆಗಳೂ

ಕ್ರಾಸ್ ಸ್ಟಿಕ್: 1, 4, 7 | 11, 14

ರೈಡ್ ನುಡಿಸುವಾಗ ಹೈ-ಹ್ಯಾಟ್ ಪೆಡಲ್: 3, 7 | 11, 15

ಎಡಗೈ ಸೋನ್ ಕ್ಲಾವೆಯಂತೆಯೇ ಕಂಡರೂ ಕೊನೆಯ ಪೆಟ್ಟು 13ರಿಂದ 14ಕ್ಕೆ ಸರಿದಿದೆ: ತಕಿಟ ತಕಿಟ ತಕಧಿಮಿ ತಕಿಟ ತಕಿಟ. ಕ್ಯೂಬಾದ ಲಯ ಕಲಿತು ಬಂದ ಕೈ ಇಲ್ಲಿ 13ಕ್ಕೇ ಹೋಗುತ್ತದೆ, ಎರಡನ್ನೂ ಒಟ್ಟಿಗೆ ಕಲಿಯಬೇಡಿ ಎಂದದ್ದು ಇದಕ್ಕೇ.

ಬಾಸ್ ಡ್ರಮ್ ಇಲ್ಲಿ ಹೃದಯದ ಬಡಿತದಷ್ಟು ಮೃದು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪಾದದ ಮುಂಭಾಗದಿಂದ ನುಡಿಸಿ. 4 ಮತ್ತು 8 ಹಗುರ, 5ಕ್ಕೆ ತೂಕ. ಎಲ್ಲವನ್ನೂ ಒಂದೇ ಜೋರಿನಲ್ಲಿ ಒದ್ದರೆ ಬೋಸಾ ಮಿಲಿಟರಿ ನಡಿಗೆಯಾಗುತ್ತದೆ. ಇದೇ ಕಾಲನ್ನು ವೇಗಗೊಳಿಸಿದರೆ ಸಾಂಬಾ. ಅಲ್ಲಿ ಸುರ್ದೊ ಎಂಬ ದೊಡ್ಡ ಡ್ರಮ್‌ನ ತೂಕ ಎರಡನೇ ತಾಳಕ್ಕೆ ಬೀಳುವುದರಿಂದ 5 ಇನ್ನಷ್ಟು ಆಳವಾಗಬೇಕು. ಬೋಸಾ ಕಾಲು ನೋವಿಲ್ಲದೆ ಐದು ನಿಮಿಷ ನಡೆಯುವ ತನಕ ಸಾಂಬಾ ವೇಗ ಬೇಡ.

## ವೇಗ ಏರಿಸುವುದು

50ರಿಂದ ಶುರುಮಾಡಿ, ತಪ್ಪಿಲ್ಲದೆ ಎರಡು ನಿಮಿಷ ನಡೆದರೆ 4 ಏರಿಸಿ. ಸಾಲ್ಸಾ ತಂಡಗಳು ಈ ಲೆಕ್ಕದಲ್ಲಿ ಸುಮಾರು 80ರಿಂದ 110ರವರೆಗೆ ನುಡಿಸುತ್ತವೆ. 70ರ ಸುಮಾರಿಗೆ ಬಂದಾಗ ಒಂದು ಪರೀಕ್ಷೆ: ಮೆಟ್ರೊನೋಮ್‌ನ ಪ್ರತಿ ಬಡಿತವನ್ನು 1, 5, 9, 13 ಎಂದು ಭಾವಿಸುವ ಬದಲು 3, 7, 11, 15 ಎಂದು ಭಾವಿಸಿ ನುಡಿಸಿ. ಮೆಟ್ರೊನೋಮ್ ಈಗ ಆಸರೆ ಕೊಡುವುದಿಲ್ಲ, ಒಳಗಿನ ಲಯ ಎಷ್ಟು ಗಟ್ಟಿ ಎಂಬುದು ತಕ್ಷಣ ಬಯಲಾಗುತ್ತದೆ.

## ತಂಡದೊಂದಿಗೆ ನುಡಿಸುವಾಗ

ಇಲ್ಲಿ ಕಲಿತದ್ದು ಒಬ್ಬರೇ ಮೂವರ ಕೆಲಸ ಮಾಡುವ ವಿಧಾನ. ವೇದಿಕೆಯ ಮೇಲೆ ಕಾಂಗಾ ವಾದಕರಿದ್ದರೆ ಆರನೇ ಹಂತದ ಟಾಮ್ ಪೆಟ್ಟುಗಳನ್ನು ಕೈಬಿಡಿ, ಎಡಗೈ ಕ್ಲಾವೆಗೆ ಮರಳಲಿ. ಟಿಂಬಾಲೆಸ್ ಕೂಡ ಇದ್ದರೆ ಕಾಸ್ಕರಾ ಅವರದು, ನೀವು ಹೈ-ಹ್ಯಾಟ್ ಅಥವಾ ರೈಡ್ ಮೇಲೆ ಸರಳ ನಡೆ ಹಿಡಿಯಿರಿ. ಬಾಸ್ ಗಿಟಾರ್ ಗಟ್ಟಿಯಾಗಿದ್ದರೆ ಮೂರರ ಕಡೆಯ ಬೊಂಬೊ ಒಂದನ್ನೇ ನುಡಿಸಿದರೂ ಸಾಕು. ಹಾಡುಗಾರರ ಭಾಗದಲ್ಲಿ ಫ್ಲೋರ್ ಟಾಮ್ ಪಕ್ಕೆ, ವಾದ್ಯಗಳು ಏರುವ ಭಾಗದಲ್ಲಿ ಕೌಬೆಲ್: ಈ ಬದಲಾವಣೆಯನ್ನು ಇಡೀ ತಂಡ ನಿಮ್ಮಿಂದ ನಿರೀಕ್ಷಿಸುತ್ತದೆ. ಆದ್ದರಿಂದ ಕೈ ಪಕ್ಕೆಯಿಂದ ಕೌಬೆಲ್‌ಗೆ ದಾಟುವುದನ್ನು ಮನೆಯಲ್ಲೇ, 16ರ ಪೆಟ್ಟು ಬಿಟ್ಟುಹೋಗದಂತೆ, ಬೇರೆಯಾಗಿ ಅಭ್ಯಾಸ ಮಾಡಿಟ್ಟುಕೊಳ್ಳಿ.